ಐಟಿ ರಿಟರ್ನ್: ನೀವೇ ಸಲ್ಲಿಸಬಹುದೇ, ಆಡಿಟರ್ ಬಳಿ ಹೋಗಬೇಕೇ?

ಸಂಬಳ ಜಾಸ್ತಿಯಿದ್ದರೆ ಆಡಿಟರ್ ಬೇಕು, ಕಡಿಮೆಯಿದ್ದರೆ ತಾವೇ ತುಂಬಿಬಿಡಬಹುದು ಎಂದು ಬಹಳ ಮಂದಿ ಅಂದುಕೊಂಡಿದ್ದಾರೆ. ನಿಜವಾಗಿ ನೋಡಬೇಕಾದ್ದು ಆದಾಯದ ಮೊತ್ತವನ್ನಲ್ಲ, ಅದರ ಬಗೆಯನ್ನು. ವರ್ಷಕ್ಕೆ 40 ಲಕ್ಷ ರೂ. ಸಂಬಳವಿದ್ದು, ಬ್ಯಾಂಕ್ ಬಡ್ಡಿ ಬಿಟ್ಟರೆ ಬೇರೇನೂ ಇಲ್ಲದವರ ರಿಟರ್ನ್ ಅರ್ಧ ಗಂಟೆಯ ಕೆಲಸ. ಆರು ಲಕ್ಷ ಸಂಬಳದ ಜೊತೆಗೆ ಮೊಬೈಲ್‌ನಲ್ಲಿ ಆಪ್ಷನ್ಸ್ ಟ್ರೇಡಿಂಗ್ ಮಾಡಿ 80,000 ರೂ. ಕಳೆದುಕೊಂಡವರ ರಿಟರ್ನ್ ಹಾಗಲ್ಲ. ಅವರು ಐಟಿಆರ್-3 (ವ್ಯಾಪಾರದ ಆದಾಯ ಇರುವವರ ರಿಟರ್ನ್ ಫಾರ್ಮ್) ತುಂಬಬೇಕು, ವಹಿವಾಟಿನ ಲೆಕ್ಕ ಹಾಕಬೇಕು, ನಷ್ಟವನ್ನು ಮುಂದಿನ ವರ್ಷಕ್ಕೆ ಒಯ್ಯಬೇಕು.

ಇರುವ ದಾರಿಗಳು ಮೂರು. ಇನ್‌ಕಮ್ ಟ್ಯಾಕ್ಸ್ ಇಲಾಖೆಯ ಇ-ಫೈಲಿಂಗ್ ಪೋರ್ಟಲ್‌ನಲ್ಲಿ ಉಚಿತವಾಗಿ ನೀವೇ ಸಲ್ಲಿಸುವುದು, ಕ್ಲಿಯರ್‌ಟ್ಯಾಕ್ಸ್, ಕ್ವಿಕೋದಂಥ ಖಾಸಗಿ ಸಾಫ್ಟ್‌ವೇರ್ ಮೂಲಕ ಸಲ್ಲಿಸುವುದು, ಇಲ್ಲವೇ ಚಾರ್ಟರ್ಡ್ ಅಕೌಂಟೆಂಟ್ ಅಥವಾ ತೆರಿಗೆ ವಕೀಲರಿಗೆ ವಹಿಸುವುದು. ಯಾವ ದಾರಿ ಹಿಡಿದರೂ ರಿಟರ್ನ್ ಹೋಗುವುದು ನಿಮ್ಮ ಹೆಸರಿನಲ್ಲಿ, ನೋಟಿಸ್ ಬಂದರೂ ಬರುವುದು ನಿಮ್ಮ ಹೆಸರಿಗೇ. ಇಲ್ಲಿ ಕೊಟ್ಟಿರುವ ಸೆಕ್ಷನ್ ಸಂಖ್ಯೆಗಳು 1961ರ ಕಾಯ್ದೆಯವು. 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಯಾಗಿದ್ದರೂ 2025–26ರ ಹಣಕಾಸು ವರ್ಷದ ಆದಾಯಕ್ಕೆ ಹಳೆಯ ಕಾಯ್ದೆಯೇ ಅನ್ವಯ.

ಮೊದಲು ಕಾಗದಪತ್ರ, ಆಮೇಲೆ ತೀರ್ಮಾನ

ಸಾಫ್ಟ್‌ವೇರೋ ಆಡಿಟರೋ ಎಂದು ಯೋಚಿಸುವ ಮೊದಲು ಪೋರ್ಟಲ್‌ಗೆ ಲಾಗಿನ್ ಆಗಿ ಎರಡು ದಾಖಲೆ ಇಳಿಸಿಕೊಳ್ಳಿ: ಫಾರ್ಮ್ 26ಎಎಸ್ ಮತ್ತು ವಾರ್ಷಿಕ ಮಾಹಿತಿ ಪತ್ರ, ಅಂದರೆ ಎಐಎಸ್. ನಿಮ್ಮ ಪ್ಯಾನ್‌ಗೆ ಯಾರ್‍ಯಾರು ಎಷ್ಟೆಷ್ಟು ಟಿಡಿಎಸ್ (ಹಣ ಕೊಡುವಾಗಲೇ ಹಿಡಿದ ತೆರಿಗೆ) ಕಟ್ಟಿದ್ದಾರೆ ಎಂಬುದು 26ಎಎಸ್‌ನಲ್ಲಿ ಸಿಗುತ್ತದೆ. ಎಐಎಸ್‌ನಲ್ಲಿ ಬ್ಯಾಂಕ್ ಬಡ್ಡಿ, ಡಿವಿಡೆಂಡ್, ಷೇರು ಮತ್ತು ಮ್ಯೂಚುವಲ್ ಫಂಡ್ ಮಾರಾಟ, ಆಸ್ತಿ ನೋಂದಣಿಯ ವಿವರವೂ ಇರುತ್ತದೆ. ಇಲಾಖೆಗೆ ನಿಮ್ಮ ಬಗ್ಗೆ ಏನೇನು ಗೊತ್ತು ಎಂಬುದನ್ನು ಅದೇ ತೋರಿಸುತ್ತದೆ.

ಏಪ್ರಿಲ್‌ನಲ್ಲೇ ಅವಸರ ಮಾಡಬೇಡಿ. ಜನವರಿಯಿಂದ ಮಾರ್ಚ್‌ವರೆಗಿನ ಟಿಡಿಎಸ್ ವಿವರ ಸಲ್ಲಿಸಲು ಕಂಪನಿ, ಬ್ಯಾಂಕುಗಳಿಗೆ ಮೇ 31ರವರೆಗೆ ಸಮಯವಿದೆ, ಸಂಬಳ, ಟಿಡಿಎಸ್‌ನ ಪ್ರಮಾಣಪತ್ರವಾದ ಫಾರ್ಮ್ 16 ಕೊಡಲು ಜೂನ್ 15ರವರೆಗೆ. ಅದಕ್ಕೂ ಮುಂಚೆ ಸಲ್ಲಿಸಿದರೆ ಕಡಿತವಾದ ಟಿಡಿಎಸ್ ನಿಮ್ಮ ಖಾತೆಯಲ್ಲಿ ಕಾಣದೆ ರೀಫಂಡ್ ತಪ್ಪುತ್ತದೆ, ಇಲ್ಲದ ಬಾಕಿಯೂ ಎದ್ದು ಕೂರುತ್ತದೆ. ಜೂನ್ ಮೂರನೇ ವಾರ ಹದವಾದ ಸಮಯ.

ಈಗ 26ಎಎಸ್‌ನಲ್ಲಿ ಟಿಡಿಎಸ್ ಯಾವ ಸೆಕ್ಷನ್ ಅಡಿ ಕಡಿತವಾಗಿದೆ ಎಂಬ ಕಾಲಂ ನೋಡಿ. ನಿರ್ಧಾರದ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. 192 ಎಂದಿದ್ದರೆ ಸಂಬಳ. 194ಎ ಎಂದಿದ್ದರೆ ಬಡ್ಡಿ. 194ಜೆ ಎಂದಿದ್ದರೆ ನಿಲ್ಲಿ, ಅದು ವೃತ್ತಿಪರ ಶುಲ್ಕ. ಖಾಸಗಿ ಆಸ್ಪತ್ರೆಯ ವೈದ್ಯರು, ಕನ್ಸಲ್ಟೆಂಟ್ ಎಂಬ ಹುದ್ದೆಯಲ್ಲಿರುವ ಎಂಜಿನಿಯರ್‌ಗಳು ಪ್ರತಿ ತಿಂಗಳು ಒಂದೇ ಮೊತ್ತ ಬರುವುದರಿಂದ ಅದನ್ನು ಸಂಬಳ ಎಂದೇ ತಿಳಿದಿರುತ್ತಾರೆ. ಶೇ 10ರಷ್ಟು ಟಿಡಿಎಸ್ ಹಿಡಿದು ಫಾರ್ಮ್ 16ರ ಬದಲು ಫಾರ್ಮ್ 16ಎ ಕೊಟ್ಟಿದ್ದರೆ ಅದು ಸಂಬಳವಲ್ಲ. ಅದನ್ನು ಐಟಿಆರ್-1ರಲ್ಲಿ ಹಾಕಿ ಸ್ಟ್ಯಾಂಡರ್ಡ್ ಡಿಡಕ್ಷನ್ (ಸಂಬಳದಾರರಿಗೆ ಸಿಗುವ ನಿಗದಿತ ಕಡಿತ) ಕಳೆಯುವಂತಿಲ್ಲ.

ಯಾರಿಗೆ ಪೋರ್ಟಲ್ ಒಂದೇ ಸಾಕು

ಐಟಿಆರ್-1, ಅಂದರೆ ಸಹಜ್ ಫಾರ್ಮ್‌ಗೆ ಸೇರುವವರು ಯಾರಿಗೂ ಹಣ ಕೊಡಬೇಕಾಗಿಲ್ಲ. 2025–26ರ ಅಸೆಸ್‌ಮೆಂಟ್ ವರ್ಷದ (ಅಂದರೆ 2024–25ರ ಆದಾಯದ) ಫಾರ್ಮ್ ಪ್ರಕಾರ ಭಾರತದ ನಿವಾಸಿಯಾಗಿರಬೇಕು, ಒಟ್ಟು ಆದಾಯ 50 ಲಕ್ಷ ರೂ. ಮೀರಬಾರದು. ಸಂಬಳ ಅಥವಾ ಪಿಂಚಣಿ, ಒಂದು ಮನೆ, ಬಡ್ಡಿಯಂಥ ಇತರ ಆದಾಯ, 5,000 ರೂ.ವರೆಗಿನ ಕೃಷಿ ಆದಾಯ ಇರಬಹುದು. ಪಟ್ಟಿಯಾದ ಷೇರು ಹಾಗೂ ಈಕ್ವಿಟಿ ಫಂಡ್‌ಗಳಿಂದ ಬಂದ 1.25 ಲಕ್ಷ ರೂ.ವರೆಗಿನ ದೀರ್ಘಾವಧಿ ಲಾಭವನ್ನೂ ಆ ವರ್ಷದಿಂದ ಇದೇ ಫಾರ್ಮ್‌ನಲ್ಲಿ ತೋರಿಸಬಹುದು. ಕಂಪನಿಯ ನಿರ್ದೇಶಕರು, ಪಟ್ಟಿಯಾಗದ ಷೇರು ಇಟ್ಟುಕೊಂಡವರು, ವಿದೇಶಿ ಆಸ್ತಿ ಇರುವವರು ಇದನ್ನು ಬಳಸುವಂತಿಲ್ಲ.

ಈ ಫಾರ್ಮ್‌ನಲ್ಲಿ ಸಂಬಳ, ಟಿಡಿಎಸ್, ಬಡ್ಡಿ ಎಲ್ಲ ಮೊದಲೇ ತುಂಬಿ ಬಂದಿರುತ್ತದೆ. ಖಾಸಗಿ ಸಾಫ್ಟ್‌ವೇರ್ ತರುವುದೂ ಇಲಾಖೆಯ ಇದೇ ಮಾಹಿತಿಯನ್ನು. ಹಾಗಾಗಿ ಬರೀ ಸಂಬಳದಾರರು ಅದಕ್ಕೆ ದುಡ್ಡು ತೆರುವುದರಲ್ಲಿ ಅರ್ಥವಿಲ್ಲ. ನಿಮ್ಮ ಪಾಲಿನ ಕೆಲಸವೆಂದರೆ ತುಂಬಿ ಬಂದದ್ದನ್ನು ಫಾರ್ಮ್ 16ರ ಜೊತೆ ಸಾಲು ಸಾಲಾಗಿ ತಾಳೆ ನೋಡುವುದು, ಬಿಟ್ಟುಹೋದದ್ದನ್ನು ಸೇರಿಸುವುದು. ಹೆಚ್ಚಾಗಿ ಬಿಟ್ಟುಹೋಗುವುದು ಉಳಿತಾಯ ಖಾತೆಯ ಬಡ್ಡಿ, ಇನ್ನೂ ಅವಧಿ ಮುಗಿಯದ ಎಫ್‌ಡಿಯ ಬಡ್ಡಿ, ಮತ್ತು ಕಳೆದ ಬಾರಿಯ ರೀಫಂಡ್ ಜೊತೆ ಇಲಾಖೆ ಕೊಟ್ಟ ಬಡ್ಡಿ.

ತೆರಿಗೆ ಲೆಕ್ಕಕ್ಕೆ ಹೊಸ ಪದ್ಧತಿಯೋ (ದರ ಕಡಿಮೆ, ಕಡಿತಗಳೂ ಕಡಿಮೆ) ಹಳೆಯದೋ ಎಂಬುದನ್ನೂ ಇಲ್ಲೇ ಆರಿಸಬೇಕು. ಸುಮ್ಮನಿದ್ದರೆ ಹೊಸ ಪದ್ಧತಿಯೇ ಲಾಗೂ ಆಗುತ್ತದೆ. ವ್ಯಾಪಾರ, ವೃತ್ತಿಯ ಆದಾಯ ಇಲ್ಲದವರು ಪ್ರತಿ ವರ್ಷ ಬದಲಿಸಿಕೊಳ್ಳಬಹುದು. ಆದರೆ ಕೊನೆಯ ದಿನಾಂಕ ಮೀರಿ ಸಲ್ಲಿಸಿದರೆ ಹಳೆಯ ಪದ್ಧತಿಯ ಬಾಗಿಲು ಮುಚ್ಚುತ್ತದೆ. ಎಚ್‌ಆರ್‌ಎ, ಗೃಹಸಾಲದ ಬಡ್ಡಿ, 80ಸಿಯಂಥ ಕಡಿತಗಳನ್ನು ನಂಬಿಕೊಂಡವರಿಗೆ 5,000 ರೂ. ತಡ ಶುಲ್ಕಕ್ಕಿಂತ ಈ ಪೆಟ್ಟೇ ದೊಡ್ಡದು.

ಕೆಲಸ ಬದಲಿಸಿದವರು ಎಡವುವ ಜಾಗ

ಸಂಬಳದಾರರ ರಿಟರ್ನ್‌ನಲ್ಲಿ ಅತಿ ದುಬಾರಿಯಾಗುವ ತಪ್ಪು ಇದು. 2025–26ರಲ್ಲಿ ಒಬ್ಬರು ಮೊದಲ ಆರು ತಿಂಗಳು ಒಂದು ಕಂಪನಿಯಲ್ಲಿ 7 ಲಕ್ಷ, ಮುಂದಿನ ಆರು ತಿಂಗಳು ಇನ್ನೊಂದರಲ್ಲಿ 8 ಲಕ್ಷ ಸಂಬಳ ಪಡೆದರು ಎನ್ನಿ. ಇಬ್ಬರೂ ತಾವು ಕೊಟ್ಟಷ್ಟೇ ಸಂಬಳ ಎಂದು ಹೊಸ ಪದ್ಧತಿಯಲ್ಲಿ ಲೆಕ್ಕ ಹಾಕಿ, ತಲಾ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ ಉಳಿಯುವುದು 6.25 ಲಕ್ಷ ಮತ್ತು 7.25 ಲಕ್ಷ. ಎರಡೂ 12 ಲಕ್ಷದೊಳಗೆ. ಅಷ್ಟು ಆದಾಯದವರೆಗೆ ತೆರಿಗೆ ಮನ್ನಾ ಮಾಡುವ 87ಎ ರಿಬೇಟ್‌ನಿಂದ ಎರಡೂ ಕಡೆ ತೆರಿಗೆ ಸೊನ್ನೆ, ಟಿಡಿಎಸ್ ಸೊನ್ನೆ.

ಈಗ ಕೂಡಿಸಿ. ಒಟ್ಟು 15 ಲಕ್ಷ. ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗುವುದು ಒಂದೇ ಸಲ, ಹಾಗಾಗಿ ತೆರಿಗೆಗೆ ಒಳಪಡುವುದು 14.25 ಲಕ್ಷ. ಮೊದಲ 4 ಲಕ್ಷಕ್ಕೆ ತೆರಿಗೆಯಿಲ್ಲ, 4ರಿಂದ 8 ಲಕ್ಷಕ್ಕೆ ಶೇ 5ರಂತೆ 20,000, 8ರಿಂದ 12 ಲಕ್ಷಕ್ಕೆ ಶೇ 10ರಂತೆ 40,000, ಉಳಿದ 2.25 ಲಕ್ಷಕ್ಕೆ ಶೇ 15ರಂತೆ 33,750. ಒಟ್ಟು 93,750. ಶೇ 4 ಸೆಸ್ ಸೇರಿದರೆ 97,500 ರೂ. ಮುಂಗಡ ತೆರಿಗೆ ಕಟ್ಟಿಲ್ಲದ ಕಾರಣ ಜುಲೈನಲ್ಲಿ ಕಟ್ಟಿದರೆ 234ಬಿ ಅಡಿ ನಾಲ್ಕು ತಿಂಗಳ ಬಡ್ಡಿ 3,900 ರೂ., ಅದರ ಮೇಲೆ 234ಸಿ ಬಡ್ಡಿ ಬೇರೆ.

ಎರಡನೆಯ ಫಾರ್ಮ್ 16 ಮಾತ್ರ ಅಪ್‌ಲೋಡ್ ಮಾಡಿದರೆ ಸಾಫ್ಟ್‌ವೇರ್ ಅದಕ್ಕೆ ಸರಿಯಾಗಿಯೇ ಲೆಕ್ಕ ಹಾಕಿ ತೆರಿಗೆ ಇಲ್ಲ ಎನ್ನುತ್ತದೆ. ಅದರ ಗಣಿತ ತಪ್ಪಲ್ಲ, ಅದಕ್ಕೆ ಕೊಟ್ಟ ಮಾಹಿತಿ ಅರ್ಧ. ಹೊಸ ಕೆಲಸಕ್ಕೆ ಸೇರಿದ ದಿನವೇ ಹಳೆಯ ಸಂಬಳದ ವಿವರವನ್ನು ಫಾರ್ಮ್ 12ಬಿಯಲ್ಲಿ ಎಚ್‌ಆರ್ ಕೈಗೆ ಕೊಟ್ಟರೆ ಅವರೇ ಒಟ್ಟು ಲೆಕ್ಕದ ಮೇಲೆ ಟಿಡಿಎಸ್ ಹಿಡಿಯುತ್ತಾರೆ. ಆಗಿಲ್ಲದಿದ್ದರೆ ಪೋರ್ಟಲ್‌ನ ಇ-ಪೇ ಟ್ಯಾಕ್ಸ್‌ನಲ್ಲಿ ಸೆಲ್ಫ್ ಅಸೆಸ್‌ಮೆಂಟ್ ತೆರಿಗೆ ಎಂದು ಆರಿಸಿ, ಮೊದಲು ಹಣ ಕಟ್ಟಿ, ಚಲನ್ ವಿವರ ರಿಟರ್ನ್‌ನಲ್ಲಿ ಬಂದಿದೆಯೇ ನೋಡಿ ಸಲ್ಲಿಸಿ. ಇದಕ್ಕೆ ಆಡಿಟರ್ ಬೇಕಾಗಿಲ್ಲ.

ಖಾಸಗಿ ಸಾಫ್ಟ್‌ವೇರ್ ಎಲ್ಲಿ ನಿಜಕ್ಕೂ ನೆರವಿಗೆ ಬರುತ್ತದೆ

ಷೇರು, ಮ್ಯೂಚುವಲ್ ಫಂಡ್ ಮಾರಿದವರಿಗೆ. ವರ್ಷದಲ್ಲಿ ನೂರಾರು ಮಾರಾಟ ಇದ್ದರೆ ಪೋರ್ಟಲ್‌ನ ಐಟಿಆರ್-2ರಲ್ಲಿ ಕೈಯಾರೆ ತುಂಬುವುದು ಹಿಂಸೆ. ಬ್ರೋಕರ್ ಕೊಡುವ ಟ್ಯಾಕ್ಸ್ ಪಿ ಆ್ಯಂಡ್ ಎಲ್ (ಲಾಭ-ನಷ್ಟದ ಪಟ್ಟಿ) ಫೈಲ್ ಹಾಕಿದರೆ ಸಾಫ್ಟ್‌ವೇರ್ ಅಲ್ಪಾವಧಿ, ದೀರ್ಘಾವಧಿ ಬೇರ್ಪಡಿಸುತ್ತದೆ. 2018ರ ಜನವರಿ 31ಕ್ಕಿಂತ ಮೊದಲು ಕೊಂಡ ಷೇರಿಗೆ ಆ ದಿನದ ಬೆಲೆ ಹುಡುಕಿ ಹಾಕುತ್ತದೆ.

ಆದರೂ ಮೂರು ಕಡೆ ಕಣ್ಣಿಡಿ. ಮೊದಲನೆಯದು, ಡೆಟ್ ಫಂಡ್ (ಸಾಲಪತ್ರಗಳಲ್ಲಿ ಹಣ ಹೂಡುವ ಮ್ಯೂಚುವಲ್ ಫಂಡ್). 2023ರ ಏಪ್ರಿಲ್ 1ರಿಂದ ಈಚೆಗೆ ಕೊಂಡ ಯೂನಿಟ್‌ಗಳ ಲಾಭ ಎಷ್ಟು ವರ್ಷ ಇಟ್ಟುಕೊಂಡರೂ ಅಲ್ಪಾವಧಿಯದೇ, ನಿಮ್ಮ ಸ್ಲ್ಯಾಬ್ (ಆದಾಯದ ಹಂತ) ದರದಲ್ಲೇ ತೆರಿಗೆ. ಎರಡನೆಯದು, ಒಂದು ಡಿಮ್ಯಾಟ್‌ನಿಂದ ಇನ್ನೊಂದಕ್ಕೆ ವರ್ಗಾಯಿಸಿದ ಅಥವಾ ಉಡುಗೊರೆ, ಉತ್ತರಾಧಿಕಾರವಾಗಿ ಬಂದ ಷೇರು. ಹೊಸ ಬ್ರೋಕರ್‌ಗೆ ಕೊಂಡ ಬೆಲೆ ಗೊತ್ತಿರುವುದಿಲ್ಲ, ಫೈಲ್‌ನಲ್ಲಿ ಸೊನ್ನೆ ಎಂದು ಬಂದರೆ ಮಾರಿದ ಇಡೀ ಮೊತ್ತವೇ ಲಾಭವಾಗಿ ಕಾಣುತ್ತದೆ. ಮೂರನೆಯದು, 87ಎ ರಿಬೇಟ್. 12 ಲಕ್ಷದವರೆಗೆ ತೆರಿಗೆಯಿಲ್ಲ ಎಂಬ ಮಾತು ಸ್ಲ್ಯಾಬ್ ಆದಾಯಕ್ಕೆ ಮಾತ್ರ. 9 ಲಕ್ಷ ಸಂಬಳದವರು ಷೇರಿನಲ್ಲಿ 50,000 ರೂ. ಅಲ್ಪಾವಧಿ ಲಾಭ ಮಾಡಿದ್ದರೆ ಶೇ 20ರಂತೆ 10,000, ಸೆಸ್ ಸೇರಿ 10,400 ರೂ. ಕಟ್ಟಲೇಬೇಕು.

ಖಾಸಗಿ ತಾಣ ಇಲಾಖೆಯಲ್ಲಿ ಇ-ರಿಟರ್ನ್ ಇಂಟರ್‌ಮೀಡಿಯರಿ ಎಂದು ನೋಂದಾಯಿಸಿಕೊಂಡಿದೆಯೇ ನೋಡಿಕೊಳ್ಳಿ. ಅಂಥವರು ನಿಮ್ಮ ಒಟಿಪಿ ಒಪ್ಪಿಗೆ ಪಡೆದು ಕೆಲಸ ಮಾಡುತ್ತಾರೆ, ಪೋರ್ಟಲ್ ಪಾಸ್‌ವರ್ಡ್ ಕೇಳುವ ಅಗತ್ಯವೇ ಬರುವುದಿಲ್ಲ.

ವೃತ್ತಿಪರರು ಬೇಕೇ ಬೇಕಾದ ಸಂದರ್ಭಗಳು

ಒಂದು ಆದಾಯವನ್ನು ಯಾವ ತಲೆಯಡಿ (ಸಂಬಳ, ವ್ಯಾಪಾರದಂಥ ವಿಭಾಗದಡಿ) ಹಾಕಬೇಕು ಎಂಬ ವಿವೇಚನೆ ಎಲ್ಲಿ ಬೇಕೋ ಅಲ್ಲಿ ಸಾಫ್ಟ್‌ವೇರ್ ಕೈಚೆಲ್ಲುತ್ತದೆ. ನೀವು ಆರಿಸಿದ ತಲೆಯಡಿ ಲೆಕ್ಕ ಹಾಕುವುದು ಅದಕ್ಕೆ ಗೊತ್ತು, ಆಯ್ಕೆಯೇ ತಪ್ಪು ಎಂದು ತಿಳಿಯುವುದು ಅಪರೂಪ.

ಸೈಟು, ಮನೆ ಮಾರುವವರು ಆಡಿಟರ್ ಬಳಿ ಹೋಗಬೇಕಾದ್ದು ಜುಲೈನಲ್ಲಿ ಅಲ್ಲ, ಕರಾರು ಬರೆಯುವ ಮೊದಲು. ಮಾರಿದ ಬೆಲೆ ಸರ್ಕಾರದ ಮಾರ್ಗಸೂಚಿ ಬೆಲೆಗಿಂತ ಕಡಿಮೆಯಿದ್ದು, ಮಾರ್ಗಸೂಚಿ ಬೆಲೆ ನಿಮ್ಮ ಬೆಲೆಗಿಂತ ಶೇ 10ಕ್ಕೂ ಹೆಚ್ಚಿದ್ದರೆ 50ಸಿ ಅಡಿ ಮಾರ್ಗಸೂಚಿ ಬೆಲೆಯನ್ನೇ ಹಿಡಿಯುತ್ತಾರೆ. ನಿವಾಸಿ ವ್ಯಕ್ತಿ 2024ರ ಜುಲೈ 23ಕ್ಕಿಂತ ಮೊದಲು ಕೊಂಡ ಆಸ್ತಿಗೆ ಇಂಡೆಕ್ಸೇಶನ್ (ಹಣದುಬ್ಬರಕ್ಕೆ ತಕ್ಕಂತೆ ಕೊಂಡ ಬೆಲೆ ಏರಿಸುವುದು) ಇಲ್ಲದೆ ಶೇ 12.5 ಅಥವಾ ಇಂಡೆಕ್ಸೇಶನ್ ಸಹಿತ ಶೇ 20, ಯಾವುದರಲ್ಲಿ ತೆರಿಗೆ ಕಡಿಮೆಯೋ ಅದನ್ನು ಕಟ್ಟಬಹುದು. ತಾತನ ಕಾಲದ ಆಸ್ತಿಗೆ 2001ರ ಏಪ್ರಿಲ್ 1ರ ಮೌಲ್ಯ ಬೇಕು, ಅದಕ್ಕೆ ಮೌಲ್ಯಮಾಪಕರ ವರದಿ ಬೇಕಾಗಬಹುದು. ಲಾಭದ ತೆರಿಗೆ ಉಳಿಸುವ 54ಇಸಿ ಬಾಂಡ್‌ಗೆ ಹಣ ಹಾಕಲು ಮಾರಿದ ದಿನದಿಂದ ಆರು ತಿಂಗಳು, ಮಿತಿ 50 ಲಕ್ಷ. ಹೊಸ ಮನೆಗೆ ಹಾಕಬೇಕಾದ ಹಣ ಇನ್ನೂ ಖರ್ಚಾಗಿಲ್ಲದಿದ್ದರೆ ರಿಟರ್ನ್‌ನ ಕೊನೆಯ ದಿನಾಂಕದೊಳಗೆ ಕ್ಯಾಪಿಟಲ್ ಗೇನ್ಸ್ ಖಾತೆಗೆ ಹಾಕಬೇಕು. ಇವುಗಳಲ್ಲಿ ಒಂದು ಗಡುವು ತಪ್ಪಿದರೂ ಆಮೇಲೆ ಎಂಥ ಆಡಿಟರ್ ಬಂದರೂ ಸರಿಪಡಿಸಲಾಗದು.

ಕಂಪನಿಯಿಂದ ಅಮೆರಿಕದ ಷೇರು ಪಡೆದ ಸಾಫ್ಟ್‌ವೇರ್ ಉದ್ಯೋಗಿಗಳದ್ದು ಇನ್ನೊಂದು ಗುಂಪು. ಈ ಷೇರು (ಆರ್‌ಎಸ್‌ಯು) ಕೈಗೆ ಬಂದಾಗಲೇ ಫಾರ್ಮ್ 16ರಲ್ಲಿ ತೆರಿಗೆ ಹೋಗಿದೆ, ಮಾರಿಲ್ಲ, ಇನ್ನೇನು ತೋರಿಸುವುದು ಎಂದು ಐಟಿಆರ್-1 ಸಲ್ಲಿಸಿಬಿಡುತ್ತಾರೆ. ಮಾರದಿದ್ದರೂ ಐಟಿಆರ್-2ರ ವಿದೇಶಿ ಆಸ್ತಿಯ ಪಟ್ಟಿಯಾದ ಷೆಡ್ಯೂಲ್ ಎಫ್‌ಎಯಲ್ಲಿ ತೋರಿಸಬೇಕು, ಅದೂ ಜನವರಿಯಿಂದ ಡಿಸೆಂಬರ್‌ವರೆಗಿನ ಲೆಕ್ಕದಲ್ಲಿ. ಮುಚ್ಚಿಟ್ಟರೆ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂ. ದಂಡ ಬೀಳಬಹುದು. ಸ್ಥಿರಾಸ್ತಿಯಲ್ಲದ ವಿದೇಶಿ ಆಸ್ತಿ ಒಟ್ಟು 20 ಲಕ್ಷದೊಳಗಿದ್ದರೆ 2024ರ ಅಕ್ಟೋಬರ್‌ನಿಂದ ಈ ದಂಡದಿಂದ ವಿನಾಯಿತಿ ಇದೆ, ತೋರಿಸುವ ಹೊಣೆಯಿಂದ ಅಲ್ಲ. ಡಿವಿಡೆಂಡ್‌ನಲ್ಲಿ ಅಲ್ಲಿ ಹಿಡಿದ ಶೇ 25 ತೆರಿಗೆಯನ್ನು ಇಲ್ಲಿ ಹೊಂದಿಸಿಕೊಳ್ಳಲು ಫಾರ್ಮ್ 67 ಬೇಕು. ಮೊದಲ ವರ್ಷ ತಿಳಿದವರಿಂದ ಮಾಡಿಸಿ, ಆ ಪ್ರತಿ ಇಟ್ಟುಕೊಂಡು ಮುಂದಿನ ವರ್ಷದಿಂದ ನೀವೇ ಮಾಡಬಹುದು.

ಎಫ್ ಆ್ಯಂಡ್ ಒ (ಫ್ಯೂಚರ್ಸ್, ಆಪ್ಷನ್ಸ್) ವ್ಯಾಪಾರ ಮಾಡಿದವರಿಗೆ ಐಟಿಆರ್-3. ಅದರ ನಷ್ಟ ಎಂಟು ವರ್ಷ ಮುಂದಕ್ಕೆ ಹೋಗುತ್ತದೆ, ಇಂಟ್ರಾಡೇ (ಕೊಂಡ ದಿನವೇ ಮಾರುವ ಷೇರು ವ್ಯಾಪಾರ) ನಷ್ಟ ನಾಲ್ಕೇ ವರ್ಷ. ಎರಡಕ್ಕೂ ರಿಟರ್ನ್ ಕೊನೆಯ ದಿನಾಂಕದೊಳಗೆ ಸಲ್ಲಿಕೆಯಾಗಿರಬೇಕು. ನಷ್ಟ ತಾನೇ, ತೋರಿಸದಿದ್ದರೇನು ಎಂದು ಬಿಟ್ಟವರು ಮುಂದಿನ ವರ್ಷದ ಲಾಭಕ್ಕೆ ಪೂರ್ತಿ ತೆರಿಗೆ ಕಟ್ಟುತ್ತಾರೆ.

ಕಾಫಿ ಬೆಳೆಗಾರರ ವಿಷಯ ಸಾಫ್ಟ್‌ವೇರ್‌ಗಳ ಪ್ರಶ್ನಾವಳಿಗೆ ದಕ್ಕುವಂಥದ್ದಲ್ಲ. ಬೆಳೆದ ಕಾಫಿಯನ್ನು ಕ್ಯೂರಿಂಗ್ (ಸಿಪ್ಪೆ ತೆಗೆದು ಹದ ಮಾಡುವುದು) ಮಾಡದೆ ಮಾರಿದರೆ ಪೂರ್ತಿ ಕೃಷಿ ಆದಾಯ. ಬೆಳೆಗಾರರೇ ಕ್ಯೂರಿಂಗ್ ಮಾಡಿ ಮಾರಿದರೆ ನಿಯಮ 7ಬಿ ಪ್ರಕಾರ ಶೇ 25 ವ್ಯಾಪಾರದ ಆದಾಯ, ಹುರಿದು ಪುಡಿ ಮಾಡಿ ಮಾರಿದರೆ ಶೇ 40. ಅಡಿಕೆ, ತೆಂಗು, ಭತ್ತದವರೂ ಸಂಬಳ ಅಥವಾ ಬಡ್ಡಿ ಜೊತೆಗಿದ್ದರೆ ಎಚ್ಚರವಾಗಿರಬೇಕು: ಕೃಷಿ ಆದಾಯಕ್ಕೆ ತೆರಿಗೆ ಇಲ್ಲದಿದ್ದರೂ 5,000 ರೂ. ಮೀರಿದರೆ ಉಳಿದ ಆದಾಯದ ತೆರಿಗೆ ದರ ನಿರ್ಧರಿಸಲು ಅದನ್ನು ಸೇರಿಸಿಕೊಳ್ಳುತ್ತಾರೆ. 5 ಲಕ್ಷ ಮೀರಿದರೆ ಜಮೀನು ಯಾವ ಜಿಲ್ಲೆಯಲ್ಲಿದೆ, ಎಷ್ಟು ವಿಸ್ತೀರ್ಣ, ನೀರಾವರಿಯೋ ಮಳೆಯಾಶ್ರಿತವೋ ಎಂಬುದನ್ನೂ ತುಂಬಬೇಕು. ಪಹಣಿ ಕೈಯಲ್ಲಿಟ್ಟುಕೊಂಡೇ ಕೂರಿ.

ಎನ್‌ಆರ್‌ಐಗಳು, ಟ್ಯಾಕ್ಸ್ ಆಡಿಟ್ ವ್ಯಾಪ್ತಿಗೆ ಬರುವ ವ್ಯಾಪಾರಿಗಳು, ಈಗಾಗಲೇ ನೋಟಿಸ್ ಬಂದವರು ಎರಡನೇ ಯೋಚನೆ ಇಲ್ಲದೆ ಚಾರ್ಟರ್ಡ್ ಅಕೌಂಟೆಂಟ್ ಬಳಿ ಹೋಗಬೇಕು. ಸಂಬಳದ ಬಾಕಿ ಒಟ್ಟಿಗೆ ಬಂದ ಸರ್ಕಾರಿ ನೌಕರರಿಗೆ ಮಾತ್ರ ಆಡಿಟರ್ ಕಡ್ಡಾಯವಲ್ಲ. ಬಾಕಿ ಸಂಬಳದ ತೆರಿಗೆ ಹೊರೆ ತಗ್ಗಿಸುವ ಸೆಕ್ಷನ್ 89ರ ಪರಿಹಾರಕ್ಕೆ ರಿಟರ್ನ್‌ಗಿಂತ ಮೊದಲೇ ಪೋರ್ಟಲ್‌ನಲ್ಲಿ ಫಾರ್ಮ್ 10ಇ ಸಲ್ಲಿಸಿದರೆ ಸಾಕು. ಅದನ್ನು ಮರೆತರೆ ಪರಿಹಾರ ತಿರಸ್ಕೃತವಾಗಿ ಬಾಕಿ ಕಟ್ಟಿ ಎಂಬ ಸೂಚನೆ ಬರುತ್ತದೆ.

ಆಡಿಟರ್ ಆರಿಸುವಾಗ

ಫಲಕ ಹಾಕಿಕೊಂಡವರೆಲ್ಲ ಚಾರ್ಟರ್ಡ್ ಅಕೌಂಟೆಂಟ್ ಅಲ್ಲ. ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆಯಾದ ಐಸಿಎಐ ಸದಸ್ಯತ್ವ ಸಂಖ್ಯೆ ಕೇಳಿ, ಸಂಸ್ಥೆಯ ತಾಣದಲ್ಲಿ ಪರಿಶೀಲಿಸಿ. ರೀಫಂಡ್‌ನಲ್ಲಿ ಇಷ್ಟು ಪಾಲು ನನಗೆ ಎನ್ನುವವರಿಂದ ದೂರವಿರಿ. ಅಂಥವರ ಹಾದಿ ಸಾಮಾನ್ಯವಾಗಿ ಒಂದೇ: ಇಲ್ಲದ ಬಾಡಿಗೆ, ಕೊಡದ ರಾಜಕೀಯ ದೇಣಿಗೆ, ಇಲ್ಲದ ಶಿಕ್ಷಣ ಸಾಲ ತೋರಿಸಿ ರೀಫಂಡ್ ತರುವುದು. ಇಂಥ ಸುಳ್ಳು ಕಡಿತಗಳ ವಿರುದ್ಧ ಇಲಾಖೆ 2025ರ ಜುಲೈ 14ರಂದು ದೇಶದ ಹಲವೆಡೆ ಪರಿಶೀಲನೆ ನಡೆಸಿತು. ಆದಾಯವನ್ನು ತಪ್ಪಾಗಿ ತೋರಿಸಿದ್ದಕ್ಕೆ 270ಎ ಅಡಿ ದಂಡ ತೆರಿಗೆಯ ಶೇ 200. ಕಟ್ಟುವವರು ಏಜೆಂಟ್ ಅಲ್ಲ, ನೀವು.

ಶುಲ್ಕ ಮಾತಾಡುವಾಗಲೇ ಎರಡು ವಿಷಯ ಸ್ಪಷ್ಟಪಡಿಸಿಕೊಳ್ಳಿ. ಸಲ್ಲಿಸುವ ಮೊದಲು ಕಂಪ್ಯೂಟೇಶನ್ ಹಾಳೆ (ತೆರಿಗೆ ಲೆಕ್ಕದ ವಿವರ) ಕೊಡುತ್ತಾರೆಯೇ? ಮುಂದೆ ನೋಟಿಸ್ ಬಂದರೆ ಉತ್ತರಿಸುವ ಕೆಲಸ ಈ ಶುಲ್ಕದಲ್ಲಿ ಸೇರಿದೆಯೇ? ಪೋರ್ಟಲ್‌ನ ಪ್ರೊಫೈಲ್‌ನಲ್ಲಿ ನಿಮ್ಮದೇ ಮೊಬೈಲ್, ನಿಮ್ಮದೇ ಇಮೇಲ್ ಇರಲಿ. ಅನೇಕರ ಖಾತೆಯಲ್ಲಿ ಏಜೆಂಟರ ಇಮೇಲ್ ಇರುತ್ತದೆ. 15 ದಿನದೊಳಗೆ ಉತ್ತರಿಸಬೇಕಾದ ದೋಷಯುಕ್ತ ರಿಟರ್ನ್ ನೋಟಿಸ್ ಅಲ್ಲಿಗೆ ಹೋಗಿ, ತೆರಿಗೆದಾರರಿಗೆ ಗೊತ್ತೇ ಆಗುವುದಿಲ್ಲ.

ಒಟಿಪಿ ಹೇಳುವ ಮೊದಲು

ಆಡಿಟರ್ ಕಚೇರಿಯಿಂದ ಫೋನ್ ಬರುತ್ತದೆ, ಆಧಾರ್ ಒಟಿಪಿ ಹೇಳಿ ಎನ್ನುತ್ತಾರೆ. ಆ ಆರಂಕಿ ನಿಮ್ಮ ಸಹಿ ಇದ್ದಂತೆ. ಅದಕ್ಕೆ ಮೊದಲು ಕಂಪ್ಯೂಟೇಶನ್ ಹಾಳೆ ತರಿಸಿಕೊಂಡು ಹತ್ತು ನಿಮಿಷ ಕೂತು ನೋಡಿ. ಒಟ್ಟು ಸಂಬಳ ಎಲ್ಲ ಫಾರ್ಮ್ 16ಗಳ ಮೊತ್ತಕ್ಕೆ ಸಮವೇ? ಟಿಡಿಎಸ್ 26ಎಎಸ್‌ಗೆ ಸಮವೇ? ಬಡ್ಡಿ, ಡಿವಿಡೆಂಡ್ ಎಐಎಸ್‌ನಲ್ಲಿದ್ದಷ್ಟು ಬಂದಿದೆಯೇ? ಎಐಎಸ್‌ನಲ್ಲೇ ತಪ್ಪಿದ್ದರೆ, ಉದಾಹರಣೆಗೆ ಜಂಟಿ ಎಫ್‌ಡಿಯ ಪೂರ್ತಿ ಬಡ್ಡಿ ನಿಮ್ಮ ಪ್ಯಾನ್‌ನಲ್ಲಿ ಕಂಡರೆ, ಅಲ್ಲೇ ಫೀಡ್‌ಬ್ಯಾಕ್ ದಾಖಲಿಸಿ. ಕಡಿತಗಳ ಪಟ್ಟಿಯಲ್ಲಿ ನಿಮ್ಮ ಹತ್ತಿರ ರಸೀದಿ ಇಲ್ಲದ ಒಂದು ಸಾಲಿದ್ದರೂ ತೆಗೆಸಿ. ರೀಫಂಡ್ ಹೋಗುವ ಬ್ಯಾಂಕ್ ಖಾತೆ ಚಾಲ್ತಿಯಲ್ಲಿದ್ದು ಪೋರ್ಟಲ್‌ನಲ್ಲಿ ವ್ಯಾಲಿಡೇಟ್ ಆಗಿರಬೇಕು.

ಸಲ್ಲಿಸಿದ 30 ದಿನದೊಳಗೆ ಇ-ವೆರಿಫೈ ಆಗಬೇಕು. ಸಲ್ಲಿಸಿ ವೆರಿಫೈ ಮಾಡಲು ಮರೆಯುವುದು ತೀರಾ ಸಾಮಾನ್ಯ, ಆಗ ರಿಟರ್ನ್ ಸಲ್ಲಿಸಿದಂತೆಯೇ ಅಲ್ಲ. ಒಟಿಪಿ ಬಾರದವರು ಐಟಿಆರ್-ವಿ ಸ್ವೀಕೃತಿ ಪತ್ರ ಮುದ್ರಿಸಿ, ಸಹಿ ಹಾಕಿ ಬೆಂಗಳೂರಿನಲ್ಲಿರುವ ಇಲಾಖೆಯ ರಿಟರ್ನ್ ಸಂಸ್ಕರಣಾ ಕೇಂದ್ರಕ್ಕೆ (ಸಿಪಿಸಿ) ಸ್ಪೀಡ್ ಪೋಸ್ಟ್ ಮಾಡಬಹುದು. ತಪ್ಪು ಆಮೇಲೆ ಕಣ್ಣಿಗೆ ಬಿದ್ದರೆ ಡಿಸೆಂಬರ್ 31ರೊಳಗೆ ಪರಿಷ್ಕೃತ ರಿಟರ್ನ್ ಹಾಕಿ.

ಕೊನೆಗೆ 143(1) ಸೂಚನಾ ಪತ್ರ ಇಮೇಲ್‌ಗೆ ಬರುತ್ತದೆ. ಅದರಲ್ಲಿ ಎರಡು ಕಾಲಂ ಇರುತ್ತವೆ: ನೀವು ತೋರಿಸಿದ್ದು, ಇಲಾಖೆ ಲೆಕ್ಕ ಹಾಕಿದ್ದು. ಎರಡೂ ಒಂದೇ ಇದ್ದರೆ ಕೆಲಸ ಮುಗಿಯಿತು. ಟಿಡಿಎಸ್ ಕಡೆ ಬೇರೆಯಿದ್ದರೆ 26ಎಎಸ್ ಮತ್ತೆ ತೆಗೆದು ನೋಡಿ, ಇಲಾಖೆಯ ತಪ್ಪು ಎಂದು ಖಚಿತವಾದರೆ ಪೋರ್ಟಲ್‌ನಲ್ಲೇ 154ರ ತಿದ್ದುಪಡಿ ಅರ್ಜಿ ಹಾಕಬಹುದು. ಆದಾಯದ ತಲೆಯನ್ನೇ ಬದಲಿಸಿದ್ದರೆ ಅಥವಾ ಕಡಿತವನ್ನೇ ತಿರಸ್ಕರಿಸಿದ್ದರೆ, ಅಲ್ಲಿಯವರೆಗೆ ಎಲ್ಲ ನೀವೇ ಮಾಡಿದ್ದರೂ, ಉತ್ತರ ಬರೆಯುವ ಮುಂಚೆ ಆ ಪತ್ರವನ್ನು ಆಡಿಟರ್‌ಗೆ ತೋರಿಸಿ.